ಹಳೇ ಡಿಜಿಟಲ್ ಕ್ಯಾಮೆರಾ ಕೊಳ್ಳುವ ಮುಂಚೆ: ಜೇಬಿನಲ್ಲೊಂದು ಕಾರ್ಡು, ಕೈಯಲ್ಲಿ ಇಪ್ಪತ್ತು ನಿಮಿಷ

ಅಕ್ಕನ ಮಗಳು ಕಾಲೇಜು ಸೇರಿದ ವರ್ಷ ಒಂದು ಸಂಜೆ ಫೋನ್ ಮಾಡಿದಳು. "ಮಾಮ, ನಂಗೊಂದು ಹಳೇ ಡಿಜಿಟಲ್ ಕ್ಯಾಮೆರಾ ಕೊಡಿಸ್ತೀಯಾ?" ಹೊಸದು ಬೇಡವಂತೆ, ಹಳೇದೇ ಆಗಬೇಕಂತೆ. ಹಾಸ್ಟೆಲಿನಲ್ಲಿ ಒಬ್ಬಳ ಹತ್ತಿರ ಅಂಥದ್ದೊಂದು ಇದೆಯಂತೆ. ಹುಟ್ಟುಹಬ್ಬ, ಟ್ರಿಪ್ಪು, ಕಾಲೇಜು ಡೇ, ಎಲ್ಲದಕ್ಕೂ ಅದರಲ್ಲೇ ಫೋಟೋ.

ಕೇಳಿ ನನಗೆ ತುಂಬ ಖುಷಿಯಾಯಿತು. ಈ ಪುಟ್ಟ ಕ್ಯಾಮೆರಾಗಳ ಮೇಲೆ ನನಗೆ ಮೊದಲಿಂದಲೂ ಪ್ರೀತಿ. ಫೋನಿನಲ್ಲಿರುವ ಎಲ್‌ಇಡಿ ದೀಪವೇ ಬೇರೆ, ಇವುಗಳಲ್ಲಿರುವ ಕ್ಸೆನಾನ್ ಫ್ಲ್ಯಾಷೇ ಬೇರೆ. ಕ್ಸೆನಾನ್ ಫ್ಲ್ಯಾಷ್ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಜೋರಾಗಿ ಹೊಳೆದು ಆರಿಹೋಗುತ್ತದೆ. ಕುಣಿಯುತ್ತಿರುವವರ ಜಡೆ ಗಾಳಿಯಲ್ಲೇ ನಿಂತುಬಿಡುತ್ತದೆ. ಜೂಮ್ ಮಾಡಿದರೆ ಲೆನ್ಸೇ ಮುಂದೆ ಬಂದು ದೂರದ್ದನ್ನು ಹತ್ತಿರ ತರುತ್ತದೆ. ಫೋಟೋ ತೆಗೆಯುವಾಗ ಮಧ್ಯೆ ಮೆಸೇಜು ಬರುವುದಿಲ್ಲ, ಅದೂ ಒಂದು ಸುಖ.

ಅವಳಿಗಾಗಿ ಒಟ್ಟು ಐದು ಕ್ಯಾಮೆರಾ ನೋಡಿದೆವು. ಹೊರಗಿನಿಂದ ಐದೂ ಚೆನ್ನಾಗೇ ಇದ್ದವು. ಆದರೆ ನಾಲ್ಕರಲ್ಲಿ ಏನೋ ಒಂದು ದೋಷ ಇತ್ತು. ಹಾಗಾಗಿ ನನ್ನ ಸಲಹೆ ಇದು: ಮಾಡೆಲ್ ಹೆಸರು ಹಿಡಿದು ಹುಡುಕುವುದಕ್ಕಿಂತ, ಕೈಗೆ ಬಂದ ಕ್ಯಾಮೆರಾವನ್ನು ಸರಿಯಾಗಿ ನೋಡುವುದನ್ನು ಕಲಿಯಿರಿ. ಅದಕ್ಕೆ ಇಪ್ಪತ್ತು ನಿಮಿಷ ಸಾಕು.

ಮೊದಲು ಮನೆಯ ಬೀರು ತೆಗೆಸಿ

2010ರಲ್ಲಿ ಜಪಾನಿನ ಕ್ಯಾಮೆರಾ ಕಂಪನಿಗಳು 12 ಕೋಟಿಗೂ ಜಾಸ್ತಿ ಡಿಜಿಟಲ್ ಕ್ಯಾಮೆರಾಗಳನ್ನು ಮಾರುಕಟ್ಟೆಗೆ ಕಳಿಸಿದ್ದವು. ಅದರಲ್ಲಿ ಬಹುಪಾಲು ಇದೇ ಜೇಬಿಗೆ ಹಿಡಿಸುವ ಪುಟ್ಟ ಕ್ಯಾಮೆರಾಗಳು. ಆಮೇಲೆ ಸ್ಮಾರ್ಟ್‌ಫೋನ್ ಬಂತು. ಆ ಕ್ಯಾಮೆರಾಗಳೆಲ್ಲ ಎಲ್ಲಿ ಹೋದವು? ಎಷ್ಟೋ ಮನೆಗಳಲ್ಲಿ ಬೀರುವಿನ ಒಳಡ್ರಾಯರಿನಲ್ಲಿ, ಹಳೇ ಪಾಸ್‌ಬುಕ್ಕುಗಳ ಪಕ್ಕದಲ್ಲೇ ಇವೆ.

ದುಡ್ಡು ಕೊಟ್ಟು ಹುಡುಕುವ ಮೊದಲು ನೆಂಟರಿಗೆಲ್ಲ ಒಂದು ಫೋನ್ ಮಾಡಿ. ಮಗ ಅಮೆರಿಕದಿಂದ ತಂದಿದ್ದು, ಮದುವೆಗೆ ಉಡುಗೊರೆ ಬಂದಿದ್ದು, ಆಫೀಸಿನವರು ಕೊಟ್ಟಿದ್ದು, ಹೀಗೆ ಯಾವುದೋ ಒಂದು ಸಿಕ್ಕೇ ಸಿಗುತ್ತದೆ. ನಾವು ನೋಡಿದ ಐದರಲ್ಲಿ ಮೊದಲನೆಯದು ಶಿರಸಿಯ ಚಿಕ್ಕಮ್ಮನ ಮನೆಯದು. ಕರ್ಚೀಫಿನಲ್ಲಿ ಸುತ್ತಿ, ಡಬ್ಬಿಯೊಳಗೆ ಜೋಪಾನವಾಗಿ ಇಟ್ಟಿದ್ದರು. ಮೈಮೇಲೆ ಒಂದು ಗೀರೂ ಇರಲಿಲ್ಲ. ಆದರೆ ಲೆನ್ಸಿನ ಒಳಗೆ ಬೂಷ್ಟು ಹಿಡಿದಿತ್ತು. ಹತ್ತು ಮಳೆಗಾಲ ಅದು ಗಾಳಿ ಬೆಳಕು ಕಂಡಿರಲಿಲ್ಲ. ಮಲೆನಾಡು, ಕರಾವಳಿ ಕಡೆಯ ಕ್ಯಾಮೆರಾ ಅಂದರೆ ಇದೊಂದನ್ನು ತಪ್ಪದೇ ನೋಡಿ. ಹೇಗೆ ನೋಡುವುದು ಅಂತ ಮುಂದೆ ಹೇಳುತ್ತೇನೆ.

ಯಾವ ಥರದ್ದು ಬೇಕು ಅಂತ ತೀರ್ಮಾನ ಮಾಡಿ

ಮೆಗಾಪಿಕ್ಸೆಲ್ ಲೆಕ್ಕ ಬಿಡಿ. 4×6 ಇಂಚಿನ ಫೋಟೋವನ್ನು ಇಂಚಿಗೆ 300 ಚುಕ್ಕೆಯಂತೆ ಪ್ರಿಂಟ್ ಹಾಕಿಸಲು ಬೇಕಾಗುವುದು 1200×1800, ಅಂದರೆ ಸುಮಾರು 2 ಮೆಗಾಪಿಕ್ಸೆಲ್ ಮಾತ್ರ. 7 ಮೆಗಾಪಿಕ್ಸೆಲ್ಲಿನ ಕ್ಯಾಮೆರಾ ಆಲ್ಬಮ್ಮಿಗೂ ಸಾಕು, ಫೋನಿನಲ್ಲಿ ಹಂಚಿಕೊಳ್ಳುವುದಕ್ಕೂ ಸಾಕು.

ನೋಡಬೇಕಾದದ್ದು ಸೆನ್ಸರಿನ, ಅಂದರೆ ಲೆನ್ಸಿನ ಹಿಂದೆ ಕೂತು ಬೆಳಕನ್ನು ಚಿತ್ರ ಮಾಡುವ ಚಿಪ್ಪಿನ, ಅಳತೆ. ಸಾಮಾನ್ಯ ಪುಟ್ಟ ಕ್ಯಾಮೆರಾಗಳಲ್ಲಿ ಅದು ಸುಮಾರು 6×4.5 ಮಿಲಿಮೀಟರ್, ಹೆಚ್ಚುಕಮ್ಮಿ ಒಂದು ತೊಗರಿಬೇಳೆಯಷ್ಟು. ಸೋನಿ 2012ರಲ್ಲಿ ತಂದ ಆರ್‌ಎಕ್ಸ್100ರಲ್ಲಿ ಅದು 13.2×8.8 ಮಿಲಿಮೀಟರ್. ವಿಸ್ತೀರ್ಣದಲ್ಲಿ ನಾಲ್ಕು ಪಟ್ಟು. ಕಡಿಮೆ ಬೆಳಕಿನಲ್ಲಿ, ಫ್ಲ್ಯಾಷ್ ಇಲ್ಲದೆ ಚೆನ್ನಾಗಿ ಬರಬೇಕು ಅನ್ನುವವರು ಈ ಕಡೆ ಹೋಗಿ. ಎರಡರ ನಡುವೆ ಕ್ಯಾನನ್ ಎಸ್90, ಎಸ್95, ಪ್ಯಾನಸಾನಿಕ್ ಎಲ್‌ಎಕ್ಸ್5, ಎಲ್‌ಎಕ್ಸ್7ರಂಥವು ಇವೆ. ಇವೆಲ್ಲ ಆ ಕಾಲದಲ್ಲಿ ಫೋಟೋ ಹುಚ್ಚಿನವರು ಕೊಂಡ ಕ್ಯಾಮೆರಾಗಳು. ಎಸ್95 ಈಗಲೂ ನನ್ನ ಅಚ್ಚುಮೆಚ್ಚು.

ಮಕ್ಕಳು ಕೇಳುವ ಆ ಫ್ಲ್ಯಾಷ್ ಫೋಟೋಗಳಿಗಾದರೆ ಇಷ್ಟೆಲ್ಲ ಬೇಡ. 2006ರಿಂದ 2012ರ ಒಳಗಿನ ಕ್ಯಾನನ್ ಇಕ್ಸಸ್, ಸೋನಿ ಸೈಬರ್‌ಶಾಟ್, ನಿಕಾನ್ ಕೂಲ್‌ಪಿಕ್ಸ್ ಯಾವುದಾದರೂ ಆಗುತ್ತದೆ. "ಸಿಸಿಡಿ ಸೆನ್ಸರ್ ಇದೆ" (ಹಳೇ ಕ್ಯಾಮೆರಾಗಳಲ್ಲಿದ್ದ ಒಂದು ಬಗೆಯ ಸೆನ್ಸರ್) ಅಂತ ಜಾಸ್ತಿ ರೇಟು ಹೇಳುವವರು ಈಗ ತುಂಬ ಜನ. ಆ ಒಂದು ಪದಕ್ಕೆ ದುಡ್ಡು ಕೊಡಬೇಡಿ. ನಮಗೆ ಇಷ್ಟವಾಗುವ ಆ ಬಣ್ಣದಲ್ಲಿ ಫ್ಲ್ಯಾಷ್, ಲೆನ್ಸು ಮತ್ತು ಆ ಕಾಲದ ಕಂಪನಿಗಳು ಬಣ್ಣ ಕೂಡಿಸುತ್ತಿದ್ದ ರೀತಿ ಮೂರೂ ಸೇರಿವೆ ಅಂತ ನನ್ನ ಅನಿಸಿಕೆ.

2002ರಿಂದ 2004ರ ನಡುವಿನ ಕ್ಯಾಮೆರಾಗಳನ್ನು ಮಾತ್ರ ಸುಮ್ನೆ ಬಿಟ್ಟುಬಿಡಿ. ಆ ಕಾಲದ ಹಲವು ಮಾಡೆಲ್‌ಗಳಲ್ಲಿದ್ದ ಸಿಸಿಡಿ ಸೆನ್ಸರಿನ ಒಳವೈರಿಂಗ್ ಸೆಖೆ, ತೇವಕ್ಕೆ ಬಿಟ್ಟುಕೊಳ್ಳುತ್ತಿತ್ತು. ಚಿತ್ರ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು, ಇಲ್ಲವೇ ಪೂರಾ ಕಪ್ಪಾಗುತ್ತಿತ್ತು. 2005ರಲ್ಲಿ ಸೋನಿ, ಕ್ಯಾನನ್, ನಿಕಾನ್ ಸೇರಿ ಎಷ್ಟೋ ಕಂಪನಿಗಳು ಪ್ರಕಟಣೆ ಹೊರಡಿಸಿ ಪುಕ್ಕಟೆ ರಿಪೇರಿ ಮಾಡಿಕೊಟ್ಟವು. ಈಗ ಆ ರಿಪೇರಿ ಸಿಗುವುದಿಲ್ಲ.

ಕಾರ್ಡು, ಬ್ಯಾಟರಿ ಸಿಗುತ್ತದಾ ನೋಡಿ

ಮಾಡೆಲ್ ಗೊತ್ತಾದ ಕೂಡಲೇ, ನೋಡಲು ಹೊರಡುವ ಮೊದಲೇ, ಈ ಎರಡನ್ನು ವಿಚಾರಿಸಿ. ಎಷ್ಟೋ ಜನ ಕ್ಯಾಮೆರಾ ಕೊಂಡ ಮೇಲೆ ಫೋಟೋ ಉಳಿಸುವ ಮೆಮೊರಿ ಕಾರ್ಡಿಗೆ ಅಲೆಯುತ್ತಾರೆ.

ಹಳೇ ಒಲಿಂಪಸ್, ಫ್ಯೂಜಿಫಿಲ್ಮ್ ಕ್ಯಾಮೆರಾಗಳಿಗೆ ಎಕ್ಸ್‌ಡಿ ಕಾರ್ಡು ಬೇಕು. ಅದರ ತಯಾರಿಕೆ ನಿಂತು ವರ್ಷಗಳಾದವು. ಹಳೇ ಸೋನಿಗಳಿಗೆ ಮೆಮೊರಿ ಸ್ಟಿಕ್ ಬೇಕು. 2010ರ ಮಾಡೆಲ್‌ಗಳಿಂದ ಸೋನಿ ಎಸ್‌ಡಿ ಕಾರ್ಡನ್ನೂ ಒಪ್ಪಿಕೊಂಡಿತು. ಹಾಗಾಗಿ ಸೋನಿ ಇಷ್ಟ ಅಂದರೆ 2010ರ ನಂತರದ್ದನ್ನೇ ಹುಡುಕಿ.

ಎಸ್‌ಡಿ ಕಾರ್ಡಿನಲ್ಲೂ ಬೇರೆ ಬೇರೆ ಪೀಳಿಗೆ ಇವೆ. 2 ಜಿಬಿವರೆಗಿನದ್ದು ಬರೀ ಎಸ್‌ಡಿ. 4ರಿಂದ 32 ಜಿಬಿವರೆಗಿನದ್ದು ಎಸ್‌ಡಿಎಚ್‌ಸಿ, ಇದು ಬಂದದ್ದು 2006ರಲ್ಲಿ. 64 ಜಿಬಿಯಿಂದ ಮೇಲಿನದ್ದು ಎಸ್‌ಡಿಎಕ್ಸ್‌ಸಿ. 2006ಕ್ಕಿಂತ ಹಳೇ ಕ್ಯಾಮೆರಾ 2 ಜಿಬಿ ಮೇಲಿನದ್ದನ್ನು ಓದುವುದಿಲ್ಲ. ಅಂಗಡಿಯಲ್ಲಿ ಇವತ್ತು ಸುಲಭವಾಗಿ ಸಿಗುವುದು 64 ಜಿಬಿ, 128 ಜಿಬಿ. ಅವನ್ನು ಹಾಕಿದರೆ 2009ರ ಕ್ಯಾಮೆರಾ "ಕಾರ್ಡ್ ಎರರ್" ಅನ್ನುತ್ತದೆ. ಮಾರುವವರು, ಕೊಳ್ಳುವವರು ಇಬ್ಬರೂ ಕ್ಯಾಮೆರಾ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಒಂದು 2 ಜಿಬಿ, ಒಂದು 8 ಜಿಬಿ ಕಾರ್ಡು ಜೇಬಿನಲ್ಲಿಟ್ಟುಕೊಂಡು ಹೋಗಿ.

ಬ್ಯಾಟರಿಯ ಮೇಲೆ ಒಂದು ನಂಬರ್ ಇರುತ್ತದೆ. ಇಕ್ಸಸ್ 70ಕ್ಕೆ ಎನ್‌ಬಿ-4ಎಲ್, ಎಸ್95ಕ್ಕೆ ಎನ್‌ಬಿ-6ಎಲ್, ಆರ್‌ಎಕ್ಸ್100ಕ್ಕೆ ಎನ್‌ಪಿ-ಬಿಎಕ್ಸ್1. ಇವುಗಳಿಗೆ ಬೇರೆ ಕಂಪನಿಗಳ ಬ್ಯಾಟರಿ ಈಗಲೂ ಬರುತ್ತವೆ. ಹುಡುಕಿದಾಗ ನಿಮ್ಮ ನಂಬರ್ ಎಲ್ಲೂ ಸಿಗದಿದ್ದರೆ ಆ ಮಾಡೆಲ್ ಬೇಡ. ಊರಿನಲ್ಲಿರುವವರಿಗೆ ನಾನು ಹೇಳುವುದು ಪೆನ್ಸಿಲ್ ಸೆಲ್ಲಿನ ಕ್ಯಾಮೆರಾ. ಕ್ಯಾನನ್ ಎ570, ಎ590ಗಳಿಗೆ ಎರಡು ಎಎ ಸೆಲ್ ಹಾಕಿದರೆ ಆಯಿತು. ರೀಚಾರ್ಜ್ ಆಗುವ ಸೆಲ್ ಇಟ್ಟುಕೊಳ್ಳಿ. ಜಾತ್ರೆಯಲ್ಲಿ ಸೆಲ್ ಮುಗಿದರೂ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ.

ಎಲ್ಲಿ ಹುಡುಕುವುದು

ನನಗೆ ಅತಿ ಹೆಚ್ಚು ನಂಬಿಕೆ ಇರುವುದು ಕ್ಯಾಮೆರಾ ರಿಪೇರಿ ಅಂಗಡಿ ಮತ್ತು ತಾಲ್ಲೂಕು ಊರುಗಳ ಹಳೇ ಸ್ಟುಡಿಯೋಗಳ ಮೇಲೆ. ಅವರು ಎಕ್ಸ್‌ಚೇಂಜಿನಲ್ಲಿ ತಗೊಂಡ ಕ್ಯಾಮೆರಾಗಳು ಗಾಜಿನ ಕಪಾಟಿನಲ್ಲಿ ಕೂತಿರುತ್ತವೆ. ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ, ಯಾಕೆಂದರೆ ನಾಳೆಯೂ ನಿಮ್ಮ ಮುಖ ನೋಡಬೇಕಲ್ವಾ. ಬೆಂಗಳೂರಿನಲ್ಲಾದರೆ ಎಸ್.ಪಿ. ರೋಡು, ಚಿಕ್ಕಪೇಟೆ ಸುತ್ತಲಿನ ಸಂಡೇ ಬಜಾರ್ ಇವೆ. ಸಂಡೇ ಬಜಾರಿನಲ್ಲಿ ಬೆಲೆ ಕಡಿಮೆ, ಆದರೆ ಬಿಲ್ಲು ಇರುವುದಿಲ್ಲ, ಮಾಲು ಎಲ್ಲಿಂದ ಬಂತು ಅಂತಲೂ ಗೊತ್ತಾಗುವುದಿಲ್ಲ. ಕದ್ದ ಮಾಲು ಅನ್ನಿಸಿದರೆ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ.

ಆನ್‌ಲೈನ್ ಜಾಹೀರಾತು ನೋಡಿ ಕೊಳ್ಳುವುದಾದರೆ ಕೈಯಲ್ಲಿ ಹಿಡಿದು ನೋಡುವವರೆಗೆ ಒಂದು ರೂಪಾಯಿ ಅಡ್ವಾನ್ಸ್ ಬೇಡ. "ಕೊರಿಯರ್ ಮಾಡ್ತೀನಿ, ಅರ್ಧ ಹಾಕಿ" ಅಂದರೆ ಅಲ್ಲಿಗೇ ಬಿಡಿ. "ಅಡ್ವಾನ್ಸ್ ವಾಪಸ್ ಮಾಡ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅನ್ನುವುದು ಶುದ್ಧ ಮೋಸ. ನಮಗೆ ದುಡ್ಡು ಬರುವುದಕ್ಕೆ ನಾವು ಪಿನ್ ಹಾಕುವ ಅಗತ್ಯವೇ ಇಲ್ಲ. ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹೊರದೇಶದಲ್ಲಿರುವವರು ಊರಿಗೆ ಬರುವಾಗ ತರುವುದಾದರೆ ಎರಡು ಮಾತು. ಇಲ್ಲಿ ಇಕ್ಸಸ್ ಅನ್ನುವುದಕ್ಕೆ ಅಮೆರಿಕದಲ್ಲಿ ಎಲ್ಫ್ ಅಂತಲೂ, ಜಪಾನಿನಲ್ಲಿ ಇಕ್ಸಿ ಅಂತಲೂ ಹೆಸರು. ಜಪಾನಿನಲ್ಲಿ ಮಾರಲೆಂದೇ ಮಾಡಿದ ಸೋನಿಗಳಲ್ಲಿ ಹಲವಕ್ಕೆ ಮೆನು ಬರೀ ಜಪಾನಿ ಭಾಷೆಯಲ್ಲಿರುತ್ತದೆ, ಬದಲಾಯಿಸಲು ಬರುವುದಿಲ್ಲ. ಬಿಡಿ ಬ್ಯಾಟರಿಗಳನ್ನು ವಿಮಾನದಲ್ಲಿ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು ಅನ್ನುವುದೂ ನೆನಪಿರಲಿ.

ಇಪ್ಪತ್ತು ನಿಮಿಷದ ಪರೀಕ್ಷೆ

ಹಗಲು ಹೊತ್ತಿನಲ್ಲಿ ಹೋಗಿ. ಕಾರ್ಡುಗಳು, ಒಂದು ಬಿಳಿ ಹಾಳೆ, ಅವತ್ತಿನ ಪೇಪರು, ಫೋನಿಗೆ ಸಿಕ್ಕಿಸುವ ಕಾರ್ಡ್ ರೀಡರ್ ಇಷ್ಟು ಜೊತೆಗಿರಲಿ. ಮಾರುವವರಿಗೆ ಮೊದಲೇ ಹೇಳಿ: "ಬ್ಯಾಟರಿ ಫುಲ್ ಚಾರ್ಜ್ ಮಾಡಿಟ್ಟಿರಿ ಸರ್, ಸ್ವಲ್ಪ ಹೊತ್ತು ನೋಡಬೇಕು." "ಚಾರ್ಜರ್ ಕಳೆದುಹೋಗಿದೆ, ಆದ್ರೆ ಕ್ಯಾಮೆರಾ ಚೆನ್ನಾಗಿದೆ" ಅನ್ನುವ ಮಾತಿಗೆ ದುಡ್ಡು ಕೊಡಬೇಡಿ. ಆನ್ ಆಗದ ಕ್ಯಾಮೆರಾ ಕೆಟ್ಟದ್ದು ಅಂತಲೇ ಲೆಕ್ಕ.

ಮೊದಲು ಆಫ್ ಇರುವಾಗಲೇ ನೋಡಿ. ಸಣ್ಣ ಗೀರುಗಳಿಗೆ ತಲೆಕೆಡಿಸಿಕೊಳ್ಳಬೇಡಿ, ಲೆನ್ಸಿನ ಸುತ್ತಲಿನ ಮೂಲೆಗಳಲ್ಲಿ ತಗ್ಗು ಬಿದ್ದಿದೆಯಾ ನೋಡಿ. ಅದು ಕೆಳಗೆ ಬಿದ್ದ ಗುರುತು. ಸ್ಕ್ರೂ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಬ್ಯಾಟರಿ ಬಾಗಿಲು ತೆರೆಯಿರಿ. ಅದರ ಪ್ಲಾಸ್ಟಿಕ್ ಕೊಂಡಿ ಮುರಿದಿದ್ದರೆ ಬಾಗಿಲು ನಿಲ್ಲುವುದಿಲ್ಲ, ಕ್ಯಾಮೆರಾ ಆನ್ ಆಗುವುದಿಲ್ಲ. ಒಳಗಿನ ತಗಡುಗಳ ಮೇಲೆ ಹಸಿರು ಕಿಲುಬು, ಬಿಳಿ ಪುಡಿ ಕಂಡರೆ ಸೆಲ್ ಸೋರಿದೆ. ಬ್ಯಾಟರಿಯನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ತಿರುಗಿಸಿ. ಬುಗುರಿ ಥರ ತಿರುಗಿದರೆ ಅದು ಉಬ್ಬಿದೆ. ಅಂಥ ಬ್ಯಾಟರಿಯನ್ನು ಚಾರ್ಜಿಗೆ ಹಾಕಲೇಬಾರದು.

ಈಗ ಆನ್ ಮಾಡಿ. ಆನ್ ಮಾಡುವಾಗ ನೋಡಬೇಡಿ, ಕೇಳಿ. ಕ್ಯಾಮೆರಾವನ್ನು ಕಿವಿಯ ಹತ್ತಿರ ಹಿಡಿಯಿರಿ. ಒಳ್ಳೆಯ ಲೆನ್ಸು ಒಂದೇ ಉಸಿರಿನಲ್ಲಿ "ಜುಯ್ಯ್" ಅಂತ ಹೊರಗೆ ಬರುತ್ತದೆ. "ಕರಕರ" ಅಂದರೆ ಒಳಗೆ ಮರಳು ಸೇರಿದೆ. ನಾವು ನೋಡಿದ ಮೂರನೇ ಕ್ಯಾಮೆರಾ ಹೀಗೇ ಸದ್ದು ಮಾಡಿತು. ಮಾರುವ ಹುಡುಗ ಪ್ರಾಮಾಣಿಕ, ಕೇಳಿದ ಕೂಡಲೇ "ಹೌದಣ್ಣ, ಗೋಕರ್ಣಕ್ಕೆ ತಗೊಂಡು ಹೋಗಿದ್ದೆ" ಅಂದ. ಏಳನೇ ಸಲ ಆನ್ ಮಾಡಿದಾಗ ಲೆನ್ಸು ಅರ್ಧಕ್ಕೇ ನಿಂತು, ಸ್ಕ್ರೀನ್ ಮೇಲೆ "ಲೆನ್ಸ್ ಎರರ್" ಅಂತ ಬಂತು. ಅದಕ್ಕೇ ಹೇಳುವುದು: ಒಂದು ಸಲ ಆನ್ ಆಯಿತು ಅಂತ ಬಿಡಬೇಡಿ. ಹತ್ತು ಸಲ ಆನ್, ಆಫ್ ಮಾಡಿ. ಜೂಮನ್ನು ಈ ತುದಿಯಿಂದ ಆ ತುದಿಗೆ ಐದು ಸಲ ಓಡಿಸಿ. ಕ್ಯಾಮೆರಾವನ್ನು ಮೇಲ್ಮುಖ, ಕೆಳಮುಖ ಮಾಡಿಯೂ ನೋಡಿ. ಆಫ್ ಮಾಡಿದಾಗ ಲೆನ್ಸಿನ ಮುಂದಿನ ಎರಡು ರೆಪ್ಪೆಗಳು ಪೂರ್ತಿ ಮುಚ್ಚಬೇಕು. ಪುಟ್ಟ ಕ್ಯಾಮೆರಾಗಳಲ್ಲಿ ಮೊದಲು ಕೈಕೊಡುವುದು ಈ ಲೆನ್ಸೇ. ರಿಪೇರಿಗೆ ಕ್ಯಾಮೆರಾದ ಬೆಲೆಗಿಂತ ಜಾಸ್ತಿ ಕೇಳುತ್ತಾರೆ.

ಲೆನ್ಸು ಹೊರಗಿರುವಾಗ ಫೋನಿನ ಟಾರ್ಚನ್ನು ಓರೆಯಾಗಿ ಬಿಡಿ. ನೇರವಾಗಿ ಬಿಟ್ಟರೆ ಹೊಳಪಷ್ಟೇ ಕಾಣುತ್ತದೆ. ಓರೆ ಬೆಳಕಿನಲ್ಲಿ ಜೇಡರ ಬಲೆಯಂಥ ಸಣ್ಣ ಬಿಳಿ ಎಳೆಗಳು ಕಂಡರೆ ಅದು ಬೂಷ್ಟು. ಮಳೆಗಾಲದಲ್ಲಿ ಚರ್ಮದ ಚಪ್ಪಲಿ ಮೇಲೆ ಬರುತ್ತದಲ್ಲ, ಅದೇ ಜಾತಿ. ಒಂದೆರಡು ಧೂಳಿನ ಕಣ ಇದ್ದರೆ ಫೋಟೋಗೆ ಏನೂ ಆಗುವುದಿಲ್ಲ. ಬೂಷ್ಟು ಇದ್ದರೆ ಫೋಟೋ ಮಂಜು ಮುಸುಕಿದಂತೆ ಬರುತ್ತದೆ, ಮತ್ತು ಅದು ಬೆಳೆಯುತ್ತಾ ಹೋಗುತ್ತದೆ.

ಆಮೇಲೆ ಬಿಳಿ ಹಾಳೆ. ಅದನ್ನು ಬೆಳಕಿರುವ ಕಡೆ ಇಟ್ಟು, ಜೂಮ್ ಪೂರ್ತಿ ಮುಂದೆ ತಂದು, ಹಾಳೆ ಇಡೀ ಚಿತ್ರ ತುಂಬುವಂತೆ ಫೋಟೋ ತೆಗೆಯಿರಿ. ಫೋಕಸ್ ಆಗದಿದ್ದರೂ ಚಿಂತೆಯಿಲ್ಲ. ಸೆನ್ಸರಿನ ಮೇಲೆ ಧೂಳು ಕೂತಿದ್ದರೆ ಬೂದು ಬಣ್ಣದ ಕಲೆ ಕಾಣುತ್ತದೆ. ಜೂಮ್ ಇಲ್ಲದಾಗ ಮರೆಯಾಗಿರುವ ಕಲೆ ಜೂಮ್ ಮಾಡಿದಾಗ ಎದ್ದು ಕಾಣುತ್ತದೆ, ಅದಕ್ಕೇ ಹೀಗೆ. ಈ ಕ್ಯಾಮೆರಾಗಳ ಲೆನ್ಸು ಕಳಚಲು ಬರುವುದಿಲ್ಲ, ಹಾಗಾಗಿ ಮನೆಯಲ್ಲಿ ಒರೆಸಿ ತೆಗೆಯುವ ಧೂಳು ಅಲ್ಲ ಇದು.

ಪೇಪರನ್ನು ಗೋಡೆಗೆ ಹಿಡಿದು, ಇಡೀ ಪುಟ ಬರುವಂತೆ ನೇರವಾಗಿ ನಿಂತು ಒಂದು ಫೋಟೋ ತೆಗೆಯಿರಿ. ನಾಲ್ಕೂ ಮೂಲೆಯ ಅಕ್ಷರ ಒಂದೇ ರೀತಿ ಓದಲು ಬರಬೇಕು. ಮೂಲೆಗಳು ಒಂಚೂರು ಮಸುಕಾಗಿರುವುದು ಸಹಜ. ಆದರೆ ಎಡಗಡೆ ಚೊಕ್ಕವಾಗಿದ್ದು ಬಲಗಡೆ ಪೂರಾ ಕಲಸಿಹೋಗಿದ್ದರೆ ಲೆನ್ಸು ವಾಲಿದೆ. ಕ್ಯಾಮೆರಾ ಬಿದ್ದಿರುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ನಾಲ್ಕನೇ ಕ್ಯಾಮೆರಾವನ್ನು ನಾವು ಬಿಟ್ಟು ಬಂದದ್ದು ಇದೇ ಕಾರಣಕ್ಕೆ.

ಫ್ಲ್ಯಾಷನ್ನು ಆಟೋದಲ್ಲಿ ಬಿಡಬೇಡಿ, ಹಚ್ಚಲೇಬೇಕು ಅನ್ನುವ ಸೆಟ್ಟಿಂಗಿಗೆ ತನ್ನಿ. ಸಾಲಾಗಿ ಐದು ಫೋಟೋ ತೆಗೆಯಿರಿ. ಪ್ರತಿ ಸಲವೂ ಹೊಳೆಯಬೇಕು, ಮಧ್ಯದ ಕಾಯುವಿಕೆ ಆರೇಳು ಸೆಕೆಂಡ್ ಮೀರಬಾರದು. ಐದು ಫ್ಲ್ಯಾಷಿಗೇ ಬ್ಯಾಟರಿ ಗುರುತು ಕೆಂಪಾದರೆ ಹೊಸ ಬ್ಯಾಟರಿಯ ಖರ್ಚನ್ನು ಲೆಕ್ಕಕ್ಕೆ ಸೇರಿಸಿ. ಲೆನ್ಸಿಗೆ ಕೈ ಮುಚ್ಚಿ, ಫ್ಲ್ಯಾಷ್ ಆಫ್ ಮಾಡಿ ಒಂದು ಕಪ್ಪು ಫೋಟೋ ತೆಗೆಯಿರಿ. ಕೆಂಪು, ನೀಲಿ ಚುಕ್ಕೆ ಒಂದೆರಡಿದ್ದರೆ ಪರವಾಗಿಲ್ಲ, ಗೆರೆಗಳಿದ್ದರೆ ಬೇಡ.

ಬಟನ್‌ಗಳನ್ನು ಒಂದೊಂದಾಗಿ ಒತ್ತಿ. ಶಟರ್ ಬಟನ್ ಅರ್ಧ ಒತ್ತಿದಾಗ ಫೋಕಸ್ ಆಗಿ "ಪೀಪ್" ಅನ್ನಬೇಕು, ಪೂರ್ತಿ ಒತ್ತಿದಾಗಷ್ಟೇ ಫೋಟೋ ಬರಬೇಕು. ಒಂದು ಸಣ್ಣ ವಿಡಿಯೋ ಮಾಡಿ ಮೈಕ್ ಕೇಳಿಸಿಕೊಳ್ಳಿ. ಕೊನೆಗೆ ಕಾರ್ಡನ್ನು ತೆಗೆದು ನಿಮ್ಮ ಫೋನಿನಲ್ಲಿ ಎಲ್ಲ ಫೋಟೋ ದೊಡ್ಡದು ಮಾಡಿ ನೋಡಿ. ಕ್ಯಾಮೆರಾದ ಪುಟ್ಟ ಸ್ಕ್ರೀನಿನಲ್ಲಿ ಎಲ್ಲವೂ ಚೆಂದ ಕಾಣುತ್ತದೆ, ಅದನ್ನು ನಂಬಬೇಡಿ. ಫೈಲಿನ ಹೆಸರಿನಲ್ಲಿರುವ ನಂಬರ್ ನೋಡಿ "ಇನ್ನೂರೇ ಫೋಟೋ ತೆಗೆದಿರೋದು" ಅಂತ ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. 9999 ಆದ ಮೇಲೆ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ.

ಬೆಲೆ

ಅದೇ ಮಾಡೆಲ್ಲಿಗೆ ನಾಲ್ಕೈದು ಕಡೆ ಏನು ಕೇಳುತ್ತಿದ್ದಾರೆ ನೋಡಿ, ನಡುವಿನ ರೇಟು ಹಿಡಿಯಿರಿ. ಅದರಿಂದ ನೀವು ಹೊಸದಾಗಿ ಕೊಳ್ಳಬೇಕಾದ ಬ್ಯಾಟರಿ, ಚಾರ್ಜರ್, ಕಾರ್ಡಿನ ದುಡ್ಡು ಕಳೆಯಿರಿ. ಚೌಕಾಸಿ ಮಾಡುವಾಗ ಈ ಲೆಕ್ಕವನ್ನೇ ಮುಂದಿಡಿ, ಕ್ಯಾಮೆರಾವನ್ನು ಹೀಗಳೆಯಬೇಡಿ. ಎಷ್ಟೋ ಜನ ಅದರಲ್ಲಿ ಮಗುವಿನ ಮೊದಲ ಹುಟ್ಟುಹಬ್ಬ ತೆಗೆದಿರುತ್ತಾರೆ. ಹಳೇ ಬಿಲ್ಲು ಇದ್ದರೆ ಕೇಳಿ ಪಡೆಯಿರಿ. ಇಲ್ಲದಿದ್ದರೆ ಕ್ಯಾಮೆರಾದ ತಳದಲ್ಲಿರುವ ಸೀರಿಯಲ್ ನಂಬರ್, ತಾರೀಖು, ಬೆಲೆ ಬರೆದು ಒಂದು ಚೀಟಿಗೆ ಸಹಿ ಹಾಕಿಸಿಕೊಳ್ಳಿ.

ಮನೆಗೆ ತಂದ ಮೇಲೆ

ತಾರೀಖು, ಟೈಮು ಸರಿಮಾಡಿ ಒಂದು ದಿನ ಬಿಡಿ. ಬ್ಯಾಟರಿ ತೆಗೆದ ಕೂಡಲೇ ತಾರೀಖು ಹಿಂದಕ್ಕೆ ಹೋದರೆ ಒಳಗಿನ ಗಡಿಯಾರದ ಸಣ್ಣ ಸೆಲ್ ಸತ್ತಿದೆ. ಫೋಟೋಗೇನೂ ತೊಂದರೆ ಇಲ್ಲ, ಪ್ರತಿ ಸಲ ತಾರೀಖು ಹಾಕಿಕೊಳ್ಳಬೇಕು ಅಷ್ಟೇ. ಕಾರ್ಡನ್ನು ಕಂಪ್ಯೂಟರಿನಲ್ಲಲ್ಲ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ಇನ್ನೊಂದು ಕೆಲಸ ಇದೆ. ಕಾರ್ಡ್ ತೆಗೆದು ಕ್ಯಾಮೆರಾ ಆನ್ ಮಾಡಿ, ಹಳೇ ಫೋಟೋ ನೋಡುವ ಬಟನ್ ಒತ್ತಿ. ಹಲವು ಕ್ಯಾಮೆರಾಗಳಲ್ಲಿ ಸ್ವಲ್ಪ ಒಳ ಮೆಮೊರಿ ಇರುತ್ತದೆ. ಕೊನೆಗೆ ನಾವು ಕೊಂಡದ್ದು ಒಬ್ಬರು ರಿಟೈರಾದ ಮೇಷ್ಟ್ರ ಕೂಲ್‌ಪಿಕ್ಸ್. ಅದರಲ್ಲಿ ಹನ್ನೊಂದು ಫೋಟೋ ಉಳಿದಿದ್ದವು: ಗೃಹಪ್ರವೇಶದ್ದು, ಬಾಗಿಲಿಗೆ ಮಾವಿನ ತೋರಣ, ಹಾಲು ಉಕ್ಕಿಸುತ್ತಿರುವ ಅವರ ಹೆಂಡತಿ. ಅಕ್ಕನ ಮಗಳು ಎಲ್ಲವನ್ನೂ ಕಾರ್ಡಿಗೆ ಹಾಕಿಕೊಂಡು ಅವತ್ತೇ ಅವರಿಗೆ ಕಳಿಸಿದಳು. ಅರ್ಧ ಗಂಟೆಯಲ್ಲಿ ಮೇಷ್ಟ್ರೇ ಫೋನ್ ಮಾಡಿದರು. ಈ ಫೋಟೋಗಳು ಕಳೆದೇ ಹೋದವು ಅಂತ ಮನೆಯವರೆಲ್ಲ ಅಂದುಕೊಂಡಿದ್ದರಂತೆ. ನಿಮಗೂ ಹಾಗೆ ಏನಾದರೂ ಸಿಕ್ಕಿದರೆ ಅಳಿಸುವ ಮುಂಚೆ ಒಂದು ಮಾತು ಕೇಳಿ.

ಇಟ್ಟುಕೊಳ್ಳುವಾಗ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಡಬೇಡಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ಬ್ಯಾಟರಿ ಹೊರಗೆ ತೆಗೆದಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆಯಾದರೂ ತೆಗೆದು, ಲೆನ್ಸು ಹೊರಗೆ ಬರುವಂತೆ ಆನ್ ಮಾಡಿ, ಬಿಸಿಲು ಕಂಡ ದಿನ ಅಂಗಳಕ್ಕೆ ಹೋಗಿ ನಾಲ್ಕು ಫೋಟೋ ಹೊಡೆಯಿರಿ.